ಸಿಎನ್‌ಸಿ ಯಂತ್ರ ಕೆತ್ತನೆಯ ನಡುವೆ ನಿಲ್ಲುತ್ತಿದೆಯೇ? ಪ್ಲಗ್‌ನ ಅರ್ಥ್ ಪಿನ್ ತೆಗೆದರೆ ಸರಿಹೋಗುವುದು ನಿಜವೇ?

ಮನೆಯ ಹೆಸರಿನ ಫಲಕ, ದೇವರಕೋಣೆಯ ಬಾಗಿಲಿನ ಜಾಲರಿ, ಹೆಸರು ಕೊರೆದ ಉಡುಗೊರೆ ಪೆಟ್ಟಿಗೆ. ಇವನ್ನೆಲ್ಲ ಕೆತ್ತುವ, ಟೇಬಲ್ ಮೇಲೆ ಇಟ್ಟುಕೊಳ್ಳಬಹುದಾದ ಪುಟ್ಟ ಸಿಎನ್‌ಸಿ ಯಂತ್ರಗಳು ಈಗ ಹವ್ಯಾಸಿಗಳ ಮನೆಗೂ ಬಂದಿವೆ. ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ ವಿನ್ಯಾಸದ ಫೈಲ್ ಕೊಟ್ಟರೆ ಸಾಕು, ಯಂತ್ರ ತಾನೇ ಕೆತ್ತುತ್ತದೆ. ಆದರೆ ಬಳಸುವವರನ್ನು ಪದೇಪದೇ ಕಾಡುವ ದೂರು ಒಂದಿದೆ. ‘ಶ್ರೀನಿಲಯ’ದಲ್ಲಿ ‘ಶ್ರೀನಿ’ ಮುಗಿದು ‘ಲ’ ಶುರುವಾಗುವ ಹೊತ್ತಿಗೆ ಪರದೆಯ ಮೇಲೆ ಸಂಪರ್ಕ ಕಡಿದಿದೆ ಎಂಬ ಸಂದೇಶ ಬರುತ್ತದೆ, ಯಂತ್ರ ಇದ್ದಲ್ಲೇ ನಿಲ್ಲುತ್ತದೆ, ಹಲಗೆ ಹಾಳಾಗುತ್ತದೆ.

ಇದಕ್ಕೆ ಬಾಯಿಂದ ಬಾಯಿಗೆ, ಫೋನಿಂದ ಫೋನಿಗೆ ಹೋಗುವ ಪರಿಹಾರಗಳು ಹಲವು. ವಿಂಡೋಸ್ ಫಾರ್ಮ್ಯಾಟ್ ಮಾಡಿ, ಸ್ಟೆಬಿಲೈಸರ್ ಹಾಕಿ, ದುಬಾರಿ ಕೇಬಲ್ ಕೊಳ್ಳಿ ಎನ್ನುವವು ಜೇಬಿಗಷ್ಟೇ ಕತ್ತರಿ. ಅಪಾಯಕಾರಿಯಾದದ್ದು ಇನ್ನೊಂದು: ‘ಮೂರು ಪಿನ್ ಪ್ಲಗ್‌ನಲ್ಲಿ ಮೇಲಿರುವ ದಪ್ಪ ಪಿನ್ ತೆಗೆಯಿರಿ, ಅಥವಾ ಎರಡು ಪಿನ್‌ನ ಅಡಾಪ್ಟರ್ ಹಾಕಿ. ಮತ್ತೆ ಒಮ್ಮೆಯೂ ನಿಲ್ಲುವುದಿಲ್ಲ.’

ಚಿಕ್ಕ ಉತ್ತರ: ಪಿನ್ ತೆಗೆದಾಗ ತೊಂದರೆ ಕೆಲವೊಮ್ಮೆ ನಿಜಕ್ಕೂ ನಿಲ್ಲುತ್ತದೆ. ಈ ಸಲಹೆ ಸಾಯದೆ ಉಳಿದಿರುವುದೂ ಅದಕ್ಕೇ. ಆದರೆ ಆ ಪಿನ್ ಇರುವುದು ನಿಮ್ಮ ಜೀವಕ್ಕಾಗಿ. ಅದೇ ಲಾಭವನ್ನು ಅಪಾಯವಿಲ್ಲದೆ ಪಡೆಯಲು ಬೇರೆ ದಾರಿಗಳಿವೆ, ಒಂದಕ್ಕಂತೂ ಕಾಸೂ ಖರ್ಚಿಲ್ಲ.

ನಿಂತ ತಕ್ಷಣ ಮಾಡಬೇಕಾದ್ದು

ಕಾರಣ ಹುಡುಕುವುದು ಆಮೇಲೆ. ಸಂಪರ್ಕ ಕಡಿದಾಗ ಯಂತ್ರ ಪೂರ್ತಿ ನಿಂತಂತೆ ಕಂಡರೂ ಕೊರೆಯುವ ಬಿಟ್ ತಿರುಗುತ್ತಲೇ ಇರಬಹುದು. ನಡೆಸುವ ಬೋರ್ಡ್‌ಗೆ ‘ಮೋಟರ್ ಆರಿಸು’ ಎಂಬ ಆದೇಶ ಬಂದೇ ಇಲ್ಲವಲ್ಲ! ಕೈಯಲ್ಲಿದ್ದ ಕೊನೆಯ ನಾಲ್ಕಾರು ಚಲನೆಗಳನ್ನು ಮುಗಿಸಿ, ಬಿಟ್ ಅನ್ನು ಮರದೊಳಗೇ ತಿರುಗಿಸುತ್ತಾ ಅದು ಕಾಯುತ್ತದೆ. ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಮರ ಕಪ್ಪಾಗುತ್ತದೆ, ಹೊಗೆಯಾಡುತ್ತದೆ. ಸುತ್ತ ಒಣ ಹೊಟ್ಟು ಇದ್ದರೆ ಬೆಂಕಿಗೆ ಇನ್ನೇನು ಬೇಕು?

ಲೇಸರ್ ಜೋಡಿಸಿಕೊಂಡವರು ಇನ್ನೂ ಎಚ್ಚರವಾಗಿರಬೇಕು. ಇಂಥ ಹೆಚ್ಚಿನ ಯಂತ್ರಗಳನ್ನು ನಡೆಸುವ ‘ಜಿಆರ್‌ಬಿಎಲ್’ ಎಂಬ ತಂತ್ರಾಂಶದಲ್ಲಿ ಲೇಸರ್ ಉರಿಸಲು ಎರಡು ಆದೇಶಗಳಿವೆ. ಎಂ3 ಎಂದರೆ ಯಂತ್ರ ಚಲಿಸಲಿ ಬಿಡಲಿ, ಲೇಸರ್ ಒಂದೇ ಶಕ್ತಿಯಲ್ಲಿ ಉರಿಯುತ್ತದೆ. ಎಂ4 ಆದರೆ, ಲೇಸರ್ ಮೋಡ್ ಆನ್ ಇದ್ದಾಗ, ವೇಗಕ್ಕೆ ತಕ್ಕಂತೆ ಶಕ್ತಿ ಬದಲಾಗಿ ಯಂತ್ರ ನಿಂತೊಡನೆ ಲೇಸರ್ ಆರುತ್ತದೆ. ಸಂಪರ್ಕ ಕಡಿಯುವ ಚಾಳಿ ಇರುವ ಯಂತ್ರದಲ್ಲಿ ಎಂ3 ಬಳಸಿ ಕಾಫಿಗೆ ಎದ್ದುಹೋಗುವುದು ಒಲೆ ಉರಿಯಲು ಬಿಟ್ಟು ಮನೆಗೆ ಬೀಗ ಹಾಕಿದಂತೆ.

ಹಾಗಾಗಿ ಮೋಟರಿನ ಕರೆಂಟ್ ಅನ್ನೇ ಕಡಿಯುವ ಸ್ವಿಚ್ ಕೈಗೆಟಕುವಲ್ಲಿ ಇರಲಿ. ಲ್ಯಾಪ್‌ಟಾಪ್ ಪರದೆಯ ಮೇಲಿನ ಕೆಂಪು ‘ಸ್ಟಾಪ್’ ಗುಂಡಿ ಇಲ್ಲಿ ಲೆಕ್ಕಕ್ಕಿಲ್ಲ, ಅದರ ಮಾತು ಹೋಗಬೇಕಾದ ಕೇಬಲ್ಲೇ ಕಡಿದಿದೆ.

ಅಷ್ಟಕ್ಕೂ ಸಣ್ಣ ತಡೆಗೆ ಕೆಲಸವೇ ಕೆಡುವುದೇಕೆ?

ಪ್ರಿಂಟರ್‌ಗೆ ಪುಟ ಕಳಿಸಿದ ಹಾಗೆ ಪೂರ್ತಿ ಫೈಲ್ ಯಂತ್ರದೊಳಗೆ ಹೋಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಾಗುವುದಿಲ್ಲ. ಜಿಆರ್‌ಬಿಎಲ್ ಅನ್ನು 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರೂಡ್ ಬರೆದದ್ದು ಆರ್ಡುಯಿನೋ ಎಂಬ ಅಗ್ಗದ ಬೋರ್ಡ್‌ಗಾಗಿ. ಆರ್ಡುಯಿನೋ ಊನೋದಲ್ಲಿರುವ ಚಿಪ್‌ನ ಕೆಲಸದ ಮೆಮೊರಿ ಬರೀ 2 ಕಿಲೋಬೈಟ್. ನಿಮ್ಮ ಫೋನಿನ ‘ಗುಡ್ ಮಾರ್ನಿಂಗ್’ ಚಿತ್ರವೂ ಅದರಲ್ಲಿ ಹಿಡಿಸದು. ಆದ್ದರಿಂದ ಲ್ಯಾಪ್‌ಟಾಪ್ ಒಂದೊಂದೇ ಸಾಲನ್ನು ತುತ್ತು ಕೊಟ್ಟಂತೆ ಕೊಡುತ್ತಿರುತ್ತದೆ, ಬೋರ್ಡ್ ಮುಂದಿನ ಸುಮಾರು 16 ಚಲನೆಗಳನ್ನಷ್ಟೇ ಇಟ್ಟುಕೊಂಡಿರುತ್ತದೆ.

ಕನ್ನಡ ಕೆತ್ತುವವರಿಗೆ ಇದು ಇನ್ನಷ್ಟು ಬಿಗಿ. ನಮ್ಮ ಅಕ್ಷರಗಳು ದುಂಡಗೆ, ಇಂಗ್ಲಿಷಿನ ‘ಎಲ್’ ಅಥವಾ ‘ಇ’ ತರಹ ನೇರ ಗೆರೆಗಳಲ್ಲ. ಬಹುತೇಕ ವಿನ್ಯಾಸ ತಂತ್ರಾಂಶಗಳು ಅಕ್ಷರದ ಬಾಗುಗಳನ್ನು ತೀರ ಸಣ್ಣ ನೇರ ತುಣುಕುಗಳಾಗಿ ಒಡೆಯುತ್ತವೆ. ಒಂದು ತುಣುಕು 0.2 ಮಿಲಿಮೀಟರ್, ವೇಗ ನಿಮಿಷಕ್ಕೆ 600 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 16 ತುಣುಕು ಅಂದರೆ 3.2 ಮಿಲಿಮೀಟರ್, ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಖಾಲಿ. ಅಷ್ಟರೊಳಗೆ ಮುಂದಿನ ಸಾಲು ಬಾರದಿದ್ದರೆ ಯಂತ್ರ ತಡವರಿಸುತ್ತದೆ, ಬಾರದೇ ಹೋದರೆ ನಿಲ್ಲುತ್ತದೆ.

ಕಡಿದದ್ದು ಸಂಪರ್ಕವೋ, ಬೇರೇನೋ?

‘ನಿಂತುಹೋಯಿತು’ ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ತೊಂದರೆಗಳಿರಬಹುದು. ಪರದೆಯ ಮೇಲಿನ ಕೊನೆಯ ಸಾಲುಗಳನ್ನು ಮೊದಲು ಫೋಟೋ ತೆಗೆದುಕೊಳ್ಳಿ.

ಯುಎಸ್‌ಬಿ ಪೋರ್ಟೇ ಮಾಯವಾಗಿದ್ದರೆ, ವಿಂಡೋಸ್‌ನ ‘ಟ್ರಿಂಗ್’ ಸದ್ದು ಕೇಳಿಸಿದ್ದರೆ, ಅದು ನಿಜವಾದ ಸಂಪರ್ಕ ಕಡಿತ. ಕೆಲಸದ ನಡುವೆ ‘ಜಿಆರ್‌ಬಿಎಲ್ 1.1’ ಎಂದು ಶುರುವಿನ ಸ್ವಾಗತದ ಸಾಲು ಮತ್ತೆ ಬಂದಿದ್ದರೆ, ಬೋರ್ಡ್ ತಾನೇ ಆರಿ ಹೊತ್ತಿಕೊಂಡಿದೆ ಎಂದರ್ಥ. ಕರೆಂಟ್ ಕಣ್ಣು ಮಿಟುಕಿಸಿದಾಗ, ಪವರ್ ಸಪ್ಲೈ ಸೊರಗಿದಾಗ, ಜೋರು ಸ್ಟ್ಯಾಟಿಕ್ ಸಿಡಿದಾಗ ಹೀಗಾಗುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇರುವುದರಿಂದ ಅದಕ್ಕೆ ಏನೂ ಗೊತ್ತಾಗುವುದಿಲ್ಲ, ಯಂತ್ರಕ್ಕೆ ಆ ಭಾಗ್ಯವಿಲ್ಲ.

‘ಅಲಾರ್ಮ್ 1’ ಎಂದು ಬಂದರೆ ಸಂಪರ್ಕ ಸರಿಯಾಗಿಯೇ ಇದೆ. ಅಂಚಿನ ಲಿಮಿಟ್ ಸ್ವಿಚ್ ಒತ್ತಿದಂತೆ ಬೋರ್ಡ್‌ಗೆ ಅನಿಸಿದೆ. ಯಾರೂ ಒತ್ತದೆಯೇ ಹೀಗಾದರೆ ಸ್ವಿಚ್‌ನ ತಂತಿ ಮೋಟರ್ ತಂತಿಯ ಪಕ್ಕದಲ್ಲಿ ಓಡಿ ಅದರ ಗದ್ದಲವನ್ನು ಹೀರುತ್ತಿದೆ. ಇನ್ನು, ಯಂತ್ರ ನಿಲ್ಲದೆ ಕೆತ್ತನೆ ಮಾತ್ರ ಪಕ್ಕಕ್ಕೆ ಸರಿದಿದ್ದರೆ ಅದು ಮೋಟರ್ ಹೆಜ್ಜೆ ತಪ್ಪಿದ್ದು. ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಗದ್ದಲ ಬರುವುದು ಎಲ್ಲಿಂದ?

ನಿಜವಾದ ಸಂಪರ್ಕ ಕಡಿತಕ್ಕೆ ಬಹಳ ಸಲ ಕಾರಣವಾಗುವುದು ವಿದ್ಯುತ್ಕಾಂತೀಯ ಗದ್ದಲ. ಮರ ಕೊರೆಯುವ ಕೈ ರೂಟರ್‌ಗಳಲ್ಲಿ (ವೈಫೈ ರೂಟರ್ ಅಲ್ಲ, ಬಡಗಿಗಳು ಅಂಚು ತೆಗೆಯಲು ಬಳಸುವ ಯಂತ್ರ) ಹೆಚ್ಚಿನವುಗಳಲ್ಲಿ ಕಾರ್ಬನ್ ಬ್ರಷ್ ಇರುತ್ತದೆ. ಮಿಕ್ಸಿಯ ತಳದ ಕಿಂಡಿಯಲ್ಲಿ ನೀಲಿ ಕಿಡಿ ಕಂಡಿದ್ದೀರಲ್ಲ, ಅದೇ ಕಿಡಿ ಇಲ್ಲೂ ಇದೆ. ಹಳೇ ರೇಡಿಯೊ ಕೇಳುತ್ತಿದ್ದ ಮನೆಗಳಲ್ಲಿ ಮಿಕ್ಸಿ ಹಾಕಿದೊಡನೆ ಹಾಡಿನ ಮೇಲೆ ಗರಗರ ಸದ್ದು ಕೂರುತ್ತಿತ್ತು. ಆ ಗರಗರವೇ ಈಗ ಯುಎಸ್‌ಬಿ ತಂತಿಯ ಮೇಲೆ ಕೂರುತ್ತಿದೆ. ರೇಡಿಯೊ ಸಹಿಸಿಕೊಂಡು ಹಾಡುತ್ತಿತ್ತು. ಯುಎಸ್‌ಬಿಯಲ್ಲಿ ಸಂಕೇತ ಪದೇಪದೇ ಕೆಟ್ಟರೆ ಕಂಪ್ಯೂಟರ್ ಆ ಪೋರ್ಟನ್ನೇ ಮುಚ್ಚಿಬಿಡುತ್ತದೆ.

ಲಿನಕ್ಸ್ ಬಳಸುವವರಿಗೆ ಇದಕ್ಕೆ ಲಿಖಿತ ಸಾಕ್ಷಿಯೇ ಸಿಗುತ್ತದೆ. ಇಂಥ ಹೊತ್ತಿನಲ್ಲಿ ಅದರ ದಾಖಲೆಯಲ್ಲಿ, ಹಬ್ ಪೋರ್ಟನ್ನು ನಿಲ್ಲಿಸಿದೆ ಎಂಬ ಸಾಲಿನ ಜೊತೆ ‘ಇಎಂಐ?’ ಎಂದು ಪ್ರಶ್ನಾರ್ಥಕ ಚಿಹ್ನೆ ಸಮೇತ ಬರುತ್ತದೆ. ಇಎಂಐ ಎಂದರೆ ಇಲ್ಲಿ ಸಾಲದ ಕಂತಲ್ಲ, ವಿದ್ಯುತ್ಕಾಂತೀಯ ಅಡಚಣೆ. ಬರೆದ ಇಂಜಿನಿಯರುಗಳ ಮೊದಲ ಅನುಮಾನವೂ ಅದೇ ಆಗಿತ್ತು ಎಂದಾಯಿತು.

ಎರಡನೇ ಮೂಲ ಧೂಳೆಳೆಯುವ ವ್ಯಾಕ್ಯೂಮ್. ಎಂಡಿಎಫ್ ಹಲಗೆಯ ಒಣ ಪುಡಿ ಪ್ಲಾಸ್ಟಿಕ್ ಪೈಪಿನೊಳಗೆ ರಭಸದಿಂದ ಉಜ್ಜುತ್ತಾ ಹೋಗುವಾಗ ಸ್ಟ್ಯಾಟಿಕ್ ವಿದ್ಯುತ್ ಕೂಡಿಕೊಳ್ಳುತ್ತದೆ. ಬಾಚಣಿಗೆಗೆ ಕಾಗದದ ಚೂರು ಅಂಟುವುದು, ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಬಾಗಿಲ ಚಿಲಕ ಮುಟ್ಟಿದರೆ ಚುರ್ ಎನ್ನುವುದು ಇದರಿಂದಲೇ. ಆ ಚುರ್ ನಮ್ಮ ಬೆರಳಿಗೆ ತಿಳಿಯಬೇಕಾದರೂ ಸುಮಾರು 3,000 ವೋಲ್ಟ್ ಬೇಕು. ಚಿಪ್‌ನ ಪಾಲಿಗೆ ಅದು ಸಿಡಿಲು. ಗಾಳಿಯಲ್ಲಿ ತೇವ ಇದ್ದರೆ ಈ ಚಾರ್ಜ್ ನಿಧಾನವಾಗಿ ಸೋರಿಹೋಗುತ್ತದೆ. ಮಳೆಗಾಲದಲ್ಲಿ ಸರಿಯಾಗಿದ್ದ ಯಂತ್ರ ಕಲಬುರಗಿ, ವಿಜಯಪುರದ ಒಣ ಬೇಸಿಗೆಯಲ್ಲಿ ಕಾಟ ಕೊಡಲು ಶುರುಮಾಡಿದರೆ ‘ಬಿಸಿಲಿಗೆ ಬೋರ್ಡ್ ಕಾಯ್ತು’ ಎನ್ನುವ ಮೊದಲು ವ್ಯಾಕ್ಯೂಮ್ ಆರಿಸಿ ನೋಡಿ.

ಮೂರನೆಯದು ಅರ್ಥಿಂಗ್‌ನ ಸುತ್ತು. ವಿವಾದಿತ ಸಲಹೆಯ ಬೇರು ಇರುವುದೇ ಇಲ್ಲಿ.

ಪಿನ್ ತೆಗೆದಾಗ ಆಗುವುದೇನು?

ಲ್ಯಾಪ್‌ಟಾಪ್‌ನ ಮೂರು ಪಿನ್ ಚಾರ್ಜರ್ ಒಂದು ಸಾಕೆಟ್‌ನಲ್ಲಿದೆ, ಯಂತ್ರದ ಪವರ್ ಸಪ್ಲೈ ಇನ್ನೊಂದರಲ್ಲಿದೆ. ಎರಡೂ ಅರ್ಥ್‌ಗೆ ಸೇರಿವೆ, ಜೊತೆಗೆ ಯುಎಸ್‌ಬಿ ಕೇಬಲ್‌ನ ಗ್ರೌಂಡ್ ತಂತಿಯೂ ಎರಡನ್ನೂ ಬೆಸೆದಿದೆ. ಒಟ್ಟಿನಲ್ಲಿ ಒಂದು ಮುಚ್ಚಿದ ಉಂಗುರವಾಯಿತು. ಮೋಟರ್ ಶುರುವಾದಾಗ, ನಿಂತಾಗ ಏಳುವ ಗದ್ದಲದ ಕರೆಂಟ್ ಈ ಉಂಗುರದಲ್ಲಿ ಸುತ್ತುತ್ತದೆ, ಯುಎಸ್‌ಬಿಯೊಳಗಿಂದಲೂ ಹಾದುಹೋಗುತ್ತದೆ. ಅರ್ಥ್ ಪಿನ್ ತೆಗೆದರೆ ಉಂಗುರ ತುಂಡಾಗುತ್ತದೆ, ಕಡಿತ ಕಡಿಮೆಯಾಗುತ್ತದೆ. ಸಲಹೆ ಕೊಟ್ಟವರು ಸುಳ್ಳು ಹೇಳಿಲ್ಲ, ಅವರ ಯಂತ್ರದಲ್ಲಿ ಆದದ್ದನ್ನೇ ಹೇಳಿದ್ದಾರೆ.

ಅವರು ಹೇಳದೆ ಬಿಟ್ಟದ್ದು ಉಳಿದರ್ಧ. ಯಂತ್ರದ ಚೌಕಟ್ಟು ಲೋಹದ್ದು. ನಡುಗುವ ಯಂತ್ರದಲ್ಲಿ ತಂತಿಯ ಹೊದಿಕೆ ಸವೆದು 230 ವೋಲ್ಟ್‌ನ ತಂತಿ ಚೌಕಟ್ಟಿಗೆ ತಗುಲಿತು ಎನ್ನಿ. ಅರ್ಥ್ ಇದ್ದರೆ ಭಾರೀ ಕರೆಂಟ್ ಆ ದಾರಿಯಲ್ಲಿ ಹರಿದು ಎಂಸಿಬಿ ಬೀಳುತ್ತದೆ ಅಥವಾ ಫ್ಯೂಸ್ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಆಗುವುದಿಲ್ಲ, ಯಂತ್ರ ಮಾಮೂಲಿಯಂತೆ ಓಡುತ್ತಿರುತ್ತದೆ. ಯಾರಾದರೂ ಮುಟ್ಟಿದಾಗ ಅವರ ದೇಹವೇ ಅರ್ಥ್ ತಂತಿ. ಯುಎಸ್‌ಬಿ ಕೇಬಲ್‌ನ ಮೂಲಕ ಆ ವೋಲ್ಟೇಜ್ ಲ್ಯಾಪ್‌ಟಾಪ್‌ನ ಲೋಹದ ಮೈಗೂ ಬರಬಹುದು, ಅದು ನಿಮ್ಮ ತೊಡೆಯ ಮೇಲಿರಬಹುದು.

‘ಮನೆಯಲ್ಲಿ ಆರ್‌ಸಿಸಿಬಿ ಇದೆ, ಭಯವಿಲ್ಲ’ ಎನ್ನುವವರೂ ಇದ್ದಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಜೀವ ಉಳಿಸುವ ಸಾಧನವೇ ಸರಿ. ಆದರೆ ಅರ್ಥ್ ಇದ್ದಾಗ ಸೋರಿಕೆ ಶುರುವಾದೊಡನೆ ಅದು ಬೀಳುತ್ತದೆ. ಅರ್ಥ್ ಇಲ್ಲದಾಗ ನೀವು ಮುಟ್ಟಿ, ಕರೆಂಟ್ ನಿಮ್ಮ ಮೂಲಕ ಹರಿದ ಮೇಲೆ ಬೀಳುತ್ತದೆ. ಆ ಪಿನ್ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ ಇರುವುದೂ ಸುಮ್ಮನೆ ಅಲ್ಲ. ಪ್ಲಗ್ ಚುಚ್ಚುವಾಗ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂಬುದೇ ಅದರ ಲೆಕ್ಕ.

ವ್ಯಾಕ್ಯೂಮ್ ಬಳಸುವವರಿಗೆ ಇನ್ನೊಂದು ವಿಚಿತ್ರ ಕಾದಿದೆ. ಪೈಪಿನಲ್ಲಿ ಕೂಡಿದ ಸ್ಟ್ಯಾಟಿಕ್ ಹರಿದುಹೋಗುತ್ತಿದ್ದುದು ಅರ್ಥ್ ಮೂಲಕ. ಪಿನ್ ತೆಗೆದರೆ ಅದಕ್ಕೆ ಉಳಿಯುವ ಹತ್ತಿರದ ದಾರಿ ಯುಎಸ್‌ಬಿ ಕೇಬಲ್. ಹೀಗೆ ಒಬ್ಬರ ಯಂತ್ರದಲ್ಲಿ ಗುಣವಾದದ್ದು ಇನ್ನೊಬ್ಬರ ಯಂತ್ರದಲ್ಲಿ ಉಲ್ಬಣಿಸುತ್ತದೆ.

ಕಂಪನಿಯೇ ಎರಡು ಪಿನ್ ಕೊಟ್ಟಿರುವ ಚಾರ್ಜರ್‌ಗಳ ವಿಷಯ ಬೇರೆ. ಚೌಕದೊಳಗೆ ಚೌಕದ ಗುರುತಿರುವ ಅವುಗಳಲ್ಲಿ ಎರಡು ಪದರ ನಿರೋಧಕ ಇರುತ್ತದೆ, ಅರ್ಥ್ ಇಲ್ಲದೆ ಬಳಸಲೆಂದೇ ಮಾಡಿದ್ದು. ಮೂರು ಪಿನ್‌ನದ್ದನ್ನು ಕತ್ತರಿಸಿ ಎರಡು ಮಾಡಿದರೆ ಅದು ಇದಾಗುವುದಿಲ್ಲ.

ಕಾಸಿಲ್ಲದೆ ಮಾಡುವ ಪರೀಕ್ಷೆ

ಉಂಗುರ ತುಂಡರಿಸಲು ಪಿನ್ ಕತ್ತರಿಸಬೇಕಿಲ್ಲ, ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಸಾಕು. ಬ್ಯಾಟರಿಯಲ್ಲಿ ಸರಾಗವಾಗಿ ಓಡಿ ಚಾರ್ಜರ್ ಹಾಕಿದಾಗ ಮಾತ್ರ ನಿಂತರೆ ಕಳ್ಳ ಸಿಕ್ಕಿದ ಹಾಗೆ.

ಅದರಿಂದ ಗೊತ್ತಾಗದಿದ್ದರೆ ಹಂತಹಂತವಾಗಿ ಹೋಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಿಟ್ ಬಿಚ್ಚಿಟ್ಟು, ಕೊರೆಯುವ ಮೋಟರ್ ಆರಿಸಿ, ಅದೇ ಫೈಲನ್ನು ಗಾಳಿಯಲ್ಲೇ ಪೂರ್ತಿ ಓಡಿಸಿ. ಆಗಲೂ ಕಡಿದರೆ ಮೋಟರ್ ನಿರಪರಾಧಿ, ಅನುಮಾನ ಕೇಬಲ್, ಪೋರ್ಟ್ ಅಥವಾ ಕಂಪ್ಯೂಟರ್ ಮೇಲೆ. ಸರಿಯಾಗಿ ಓಡಿದರೆ ಮೋಟರ್ ಹಾಕಿ ಗಾಳಿಯಲ್ಲೇ ಇನ್ನೊಮ್ಮೆ. ಈಗ ಕಡಿದರೆ ಗದ್ದಲ ಅಥವಾ ಪವರ್. ಮೂರನೇ ಸಲ ಚಿಂದಿ ಹಲಗೆಯ ಮೇಲೆ ವ್ಯಾಕ್ಯೂಮ್ ಇಲ್ಲದೆ, ಕೊನೆಗೆ ವ್ಯಾಕ್ಯೂಮ್ ಸಮೇತ. ಎರಡು ಮೂರು ತಾಸು ಹಿಡಿಯುವ ಬೇಸರದ ಕೆಲಸ ಇದು, ಒಪ್ಪುತ್ತೇನೆ. ಆದರೆ ಏನೇನೋ ಕೊಂಡು ಹಾಕುವುದಕ್ಕಿಂತ ಅಗ್ಗ.

ಕಡಿಯುವ ಸಮಯವನ್ನೂ ಗಮನಿಸಿ. ಪ್ರತಿ ಸಲ ಸರಿಸುಮಾರು ಅಷ್ಟೇ ನಿಮಿಷಕ್ಕೆ ನಿಂತರೆ ಅದು ಕಂಪ್ಯೂಟರಿನ ನಿದ್ದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು ‘ನೆವರ್’ ಮಾಡಿ, ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಎಂಬುದನ್ನು ನಿಲ್ಲಿಸಿ. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, ಕರೆಂಟ್ ಉಳಿಸಲು ಇದನ್ನು ಆರಿಸಬಹುದು ಎಂಬ ಗುರುತು ತೆಗೆಯಿರಿ. ಹೊತ್ತುಗೊತ್ತಿಲ್ಲದೆ, ಅದರಲ್ಲೂ ಮೋಟರ್ ಶುರುವಾಗುವಾಗ ಅಥವಾ ನಿಲ್ಲುವಾಗ ಕಡಿದರೆ ಅದು ಗದ್ದಲ.

ಪರಿಹಾರಗಳಲ್ಲಿ ಯಾವುದಕ್ಕೆ ಹಣ ಹಾಕಬಹುದು?

ಮೊದಲು ಹಣವಿಲ್ಲದವು. ಯಂತ್ರ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಗೋಡೆ ಸಾಕೆಟ್‌ನಿಂದ ಬಂದ ಒಂದೇ ಎಕ್ಸ್‌ಟೆನ್ಶನ್ ಬಾಕ್ಸ್‌ಗೆ ಹಾಕಿ, ಉಂಗುರ ಚಿಕ್ಕದಾಗುತ್ತದೆ. ರೂಟರ್ ಮತ್ತು ವ್ಯಾಕ್ಯೂಮ್‌ಗೆ ಬೇರೆ ಸಾಕೆಟ್ ಕೊಡಿ. ಯುಎಸ್‌ಬಿ ಕೇಬಲನ್ನು ಮೋಟರ್ ತಂತಿಗಳ ಜೊತೆ ಒಂದೇ ಕಟ್ಟಾಗಿ ಬಿಗಿಯಬೇಡಿ. ನೋಡಲು ಚೆಂದ, ಕೆಲಸಕ್ಕೆ ಕೆಟ್ಟದ್ದು. ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಕೇಬಲ್ ಗಿಡ್ಡ ಇದ್ದಷ್ಟೂ ಒಳ್ಳೆಯದು. ಯುಎಸ್‌ಬಿ 2.0ರ ನಿಯಮದಲ್ಲಿ 5 ಮೀಟರ್‌ವರೆಗೆ ಅವಕಾಶವಿದೆ, ಆದರೆ ಆ ಲೆಕ್ಕದಲ್ಲಿ ಪಕ್ಕದಲ್ಲೇ ಕಿಡಿಕಾರುವ ರೂಟರ್ ಇಲ್ಲ. ಒಂದೂವರೆ ಮೀಟರ್‌ನೊಳಗಿನ, ಒಳಗೆ ಲೋಹದ ಹೆಣಿಗೆ ಕವಚವಿರುವ, ಎರಡೂ ತುದಿಯಲ್ಲಿ ದುಂಡು ಫೆರೈಟ್ ಗಂಟಿರುವ ಸಾಧಾರಣ ಬೆಲೆಯ ಕೇಬಲ್ ಸಾಕು. ಚಿನ್ನದ ಲೇಪನದಿಂದ ಗದ್ದಲ ತಗ್ಗುವುದಿಲ್ಲ. ಫೆರೈಟ್ ಇಲ್ಲದಿದ್ದರೆ ಕ್ಲಿಪ್ ಮಾಡುವಂಥದ್ದು ಸಿಗುತ್ತದೆ, ಬೋರ್ಡ್ ಕಡೆಯ ತುದಿಯಲ್ಲಿ ಕೇಬಲನ್ನು ಅದರೊಳಗೆ ಎರಡು ಮೂರು ಸುತ್ತು ಹಾಕಿ.

ಉಂಗುರವೇ ಕಾರಣ ಎಂದು ಬ್ಯಾಟರಿ ಪರೀಕ್ಷೆಯಲ್ಲಿ ಗೊತ್ತಾದವರಿಗೆ ಶಾಶ್ವತ ಪರಿಹಾರ ಯುಎಸ್‌ಬಿ ಐಸೊಲೇಟರ್. ಕೇಬಲ್‌ನ ನಡುವೆ ಕೂರುವ ಈ ಪುಟ್ಟ ಪೆಟ್ಟಿಗೆ ಎರಡು ಬದಿಗೂ ತಂತಿಯ ನಂಟಿಲ್ಲದೆ ಮಾಹಿತಿಯನ್ನಷ್ಟೇ ದಾಟಿಸುತ್ತದೆ. ಅನಲಾಗ್ ಡಿವೈಸಸ್ ಕಂಪನಿಯ ಎಡಿಯುಎಂ4160ರಂಥ ಚಿಪ್ ಇರುವವು ಸೆಕೆಂಡಿಗೆ 12 ಮೆಗಾಬಿಟ್‌ವರೆಗೆ ಕೆಲಸ ಮಾಡುತ್ತವೆ. ಪೆನ್‌ಡ್ರೈವ್‌ಗೆ ಅದು ನಿಧಾನ, ಈ ಯಂತ್ರಗಳಿಗೆ ಧಾರಾಳ.

ಸ್ಟ್ಯಾಟಿಕ್ ಇದ್ದರೆ ವ್ಯಾಕ್ಯೂಮ್ ಪೈಪಿನ ಉದ್ದಕ್ಕೂ ಹೊದಿಕೆಯಿಲ್ಲದ ತಾಮ್ರದ ತಂತಿ ಸುತ್ತಿ ಅರ್ಥ್‌ಗೆ ಸೇರಿಸಬೇಕು, ಯಂತ್ರದ ಚೌಕಟ್ಟನ್ನೂ ಸೇರಿಸಬೇಕು. ಅದಕ್ಕೂ ಮುಂಚೆ ನಿಮ್ಮ ಸಾಕೆಟ್‌ನಲ್ಲಿ ಅರ್ಥ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಮೂರು ತೂತಿದ್ದರೂ ಹಿಂದೆ ತಂತಿಯೇ ಇಲ್ಲದ ಸಾಕೆಟ್‌ಗಳು ಹಳೇ ಮನೆಗಳಲ್ಲಿ ಅಪರೂಪವಲ್ಲ.

ಇಷ್ಟಾಗಿಯೂ ಬಗೆಹರಿಯದಿದ್ದರೆ ಲ್ಯಾಪ್‌ಟಾಪನ್ನೇ ಹೊರಗಿಡಬಹುದು. 3018 ಎಂದು ಕರೆಯುವ, 30 ಸೆಂಟಿಮೀಟರ್ ಉದ್ದ 18 ಸೆಂಟಿಮೀಟರ್ ಅಗಲ ಕೆತ್ತುವ ಯಂತ್ರಗಳ ಹಲವು ಬೋರ್ಡ್‌ಗಳಿಗೆ ಮೆಮೊರಿ ಕಾರ್ಡ್ ಹಾಕುವ ಆಫ್‌ಲೈನ್ ಕಂಟ್ರೋಲರ್ ಸಿಗುತ್ತದೆ. ಫೈಲ್ ಪಕ್ಕದಲ್ಲೇ ಇರುವುದರಿಂದ ಯುಎಸ್‌ಬಿ ಕಡಿಯುವ ಪ್ರಶ್ನೆಯೇ ಇಲ್ಲ. ಅದು ಮತ್ತು ಯುಎಸ್‌ಬಿ ಎರಡನ್ನೂ ಒಟ್ಟಿಗೆ ಜೋಡಿಸಬೇಡಿ, ಇಬ್ಬರೂ ಒಂದೇ ಸಾಲಿನಲ್ಲಿ ಮಾತಾಡಲು ಹೋಗಿ ಜಗಳವಾಗುತ್ತದೆ.

ಉಳಿದ ಸಲಹೆಗಳ ಕತೆ

ಸ್ಟೆಬಿಲೈಸರ್ ವೋಲ್ಟೇಜ್ ಏರಿಳಿತವನ್ನು ಸರಿಮಾಡುತ್ತದೆ, ಗದ್ದಲವನ್ನಲ್ಲ. ಅಗ್ಗದ ಸ್ಪೈಕ್ ಬಸ್ಟರ್‌ಗಳೂ ಹಾಗೆಯೇ, ದೊಡ್ಡ ಏಟನ್ನು ತಡೆಯುತ್ತವೆ, ಸಣ್ಣ ಗರಗರವನ್ನು ಬಿಡುತ್ತವೆ. ಕೇಬಲ್‌ಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತುವುದು ಅರ್ಧ ಸತ್ಯ: ಅರ್ಥ್‌ಗೆ ಸೇರಿಸದಿದ್ದರೆ ಪ್ರಯೋಜನ ಕಡಿಮೆ, ಹರಿದು ಬೋರ್ಡ್ ಮೇಲೆ ಬಿದ್ದರೆ ಶಾರ್ಟ್. ವೈರಸ್ ಶಂಕೆಗೆ ವಿಂಡೋಸ್ ಫಾರ್ಮ್ಯಾಟ್ ಮಾಡಿಸುವವರು ಮೋಟರ್ ಆರಿಸಿದಾಗ ಯಂತ್ರ ಸರಿಯಾಗಿ ಓಡುತ್ತದೆಯೇ ಎಂದು ಮೊದಲು ನೋಡಲಿ. ಮೋಟರ್ ಆನ್ ಆಗಿದೆ ಎಂಬುದು ವೈರಸ್‌ಗೆ ಹೇಗೆ ಗೊತ್ತಾದೀತು?

ಅರ್ಧಕ್ಕೆ ನಿಂತ ಹಲಗೆಯನ್ನು ಉಳಿಸಬಹುದೇ?

ಬಹಳ ಸಲ ಉಳಿಸಬಹುದು, ಹಲಗೆಯನ್ನು ಕ್ಲ್ಯಾಂಪ್‌ನಿಂದ ಬಿಡಿಸದಿದ್ದರೆ. ಬಿಚ್ಚಿದ ಹಲಗೆಯನ್ನು ಕೂದಲೆಳೆಯ ವ್ಯತ್ಯಾಸವಿಲ್ಲದೆ ಮತ್ತೆ ಕೂರಿಸುವುದು ಕಷ್ಟ. ಮೋಟರ್ ಆರಿಸಿ, ಯಂತ್ರದ ಪವರ್ ತೆಗೆದು, ಕೈಯಿಂದ ತಿರುಪು ತಿರುಗಿಸಿ ಬಿಟ್ ಮೇಲೆತ್ತಿ. ಆರ್ಡುಯಿನೋ ಬಗೆಯ ಬೋರ್ಡ್‌ಗೆ ಕಂಪ್ಯೂಟರನ್ನು ಮತ್ತೆ ಜೋಡಿಸಿದಾಗ ಅದು ರೀಸೆಟ್ ಆಗಿ, ತಾನು ಎಲ್ಲಿದ್ದೆ ಎಂಬುದನ್ನು ಮರೆಯುತ್ತದೆ. ಹೋಮಿಂಗ್ ಸ್ವಿಚ್ ಇರುವ ಯಂತ್ರವಾದರೆ ಒಮ್ಮೆ ಹೋಮ್ ಮಾಡಿ. ಹಲಗೆಯ ಸೊನ್ನೆ ಬಿಂದು ಹೋಮ್‌ನಿಂದ ಎಷ್ಟು ದೂರ ಎಂಬುದು ಬೋರ್ಡ್‌ನ ಅಳಿಯದ ಮೆಮೊರಿಯಲ್ಲಿ ಉಳಿದಿರುತ್ತದೆ, ಹಾಗಾಗಿ ಹಳೆಯ ಜಾಗ ಸಿಗುತ್ತದೆ. ಸ್ವಿಚ್ ಇಲ್ಲದವರು ಪ್ರತಿ ಕೆಲಸಕ್ಕೂ ಮುಂಚೆ, ಸೊನ್ನೆ ಬಿಂದುವಿನಲ್ಲಿ ಬಿಟ್‌ನ ತುದಿಯಿಂದ ಒಂದು ಸಣ್ಣ ಚುಕ್ಕೆ ಮಾಡಿಟ್ಟುಕೊಳ್ಳುವ ಅಭ್ಯಾಸ ಇಟ್ಟುಕೊಳ್ಳಬೇಕು. ಬಿಟ್ ಅನ್ನು ಆ ಚುಕ್ಕೆಗೆ ತಂದು, ಎತ್ತರವನ್ನೂ ಮತ್ತೆ ಹೊಂದಿಸಿ ಅಲ್ಲಿಯೇ ಸೊನ್ನೆ ಮಾಡಿದರಾಯಿತು.

ಆಮೇಲೆ ನಿಂತ ಸಾಲಿನಿಂದ ಮುಂದುವರಿಸಲು ಯುಜಿಎಸ್‌ನಂಥ ಕೆಲವು ತಂತ್ರಾಂಶಗಳಲ್ಲಿ ಅವಕಾಶವಿದೆ. ಫೈಲಿನ ಶುರುವಿನಲ್ಲಿ ಮೋಟರ್ ಆನ್ ಮಾಡುವ, ವೇಗ ಹೇಳುವ ಸಾಲುಗಳಿರುತ್ತವೆ. ಅವು ಬಿಟ್ಟುಹೋದರೆ ತಿರುಗದ ಬಿಟ್ ಮರಕ್ಕೆ ನುಗ್ಗಿ ಮುರಿಯುತ್ತದೆ. ಈ ತಲೆನೋವು ಬೇಡವೆಂದರೆ ಮೊದಲ ಸಾಲಿನಿಂದಲೇ ಮತ್ತೆ ಓಡಿಸಿ. ಸೊನ್ನೆ ಸರಿಯಾಗಿದ್ದರೆ ಬಿಟ್ ‘ಶ್ರೀನಿ’ಯ ಹಳೆಯ ಗುಂಡಿಯಲ್ಲೇ ಮರ ಮುಟ್ಟದೆ ಸುತ್ತಿ ಬಂದು, ‘ಲ’ದಿಂದ ಕೊರೆಯಲು ಶುರುಮಾಡುತ್ತದೆ.